ಒಂದೇ ಔಷಧಿಯಿಂದ ಶುರು ಮಾಡಿದರೆ ಅಪ್ಪನಿಗೆ ಅನ್ಯಾಯವಾಗುತ್ತದೆಯೇ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನಾವು ಹಾವೇರಿ ಜಿಲ್ಲೆಯವರು. ನಮ್ಮ ತಂದೆಗೆ 71 ವರ್ಷ. ಈಗಲೂ ದಿನಾ ಹೊಲಕ್ಕೆ ಹೋಗಿ ಬರುತ್ತಾರೆ. ಎರಡು ವರ್ಷದ ಹಿಂದೆ ದೊಡ್ಡ ಕರುಳಿನ ಎಡಭಾಗದಲ್ಲಿ ಗಡ್ಡೆ ಇತ್ತು, ಆಪರೇಷನ್ ಆಯಿತು. ಆಗ ಕೀಮೋ ಬೇಕಿಲ್ಲ ಎಂದಿದ್ದರು. ಈಗ ರಕ್ತದಲ್ಲಿ ಸಿಇಎ ಎಂಬ ಕ್ಯಾನ್ಸರ್ ಸೂಚಕ ಏರಿದೆ. ಸ್ಕ್ಯಾನ್‌ನಲ್ಲಿ ಲಿವರ್‌ನ ಎರಡೂ ಭಾಗದಲ್ಲಿ ಗಂಟುಗಳಿವೆ, ಶ್ವಾಸಕೋಶದಲ್ಲೂ ಸಣ್ಣ ಗಂಟುಗಳು ಕಂಡಿವೆ. ಹುಬ್ಬಳ್ಳಿಯ ಡಾಕ್ಟರು ಕ್ಯಾಪೆಸಿಟಬಿನ್ ಎಂಬ ಕೀಮೋ ಮಾತ್ರೆಯಿಂದ ಶುರು ಮಾಡೋಣ, ಅದು ಕೆಲಸ ನಿಲ್ಲಿಸಿದ ಮೇಲೆ ಬೇರೆ ಔಷಧಿ ಸೇರಿಸೋಣ ಎಂದರು. ಬೆಂಗಳೂರಿನ ಡಾಕ್ಟರು 'ಫಾಲ್‌ಫಾಕ್ಸ್ ಎಂಬ ಜೋಡಿ ಕೀಮೋ ಮತ್ತು ಗಂಟಿಗೆ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಜುಮ್ಯಾಬ್, ಔಷಧಿ ಹರಿಸಲು ಎದೆಯಲ್ಲಿ ಪೋರ್ಟ್ ಹಾಕಿ 15 ದಿನಕ್ಕೊಮ್ಮೆ' ಎಂದರು. ವಯಸ್ಸಾಗಿದೆ, ಹಳ್ಳಿಯವರು ಅಂತ ಅಪ್ಪನಿಗೆ ಸಣ್ಣ ಔಷಧಿ ಬರೆದಿದ್ದಾರೆ ಎಂದು ಅಣ್ಣ ಸಿಟ್ಟಾಗಿದ್ದಾನೆ. ದೊಡ್ಡ ಔಷಧಿ ಈಗಲೇ ಕೊಟ್ಟರೆ ಆಮೇಲೆ ಏನೂ ಉಳಿಯುವುದಿಲ್ಲ ಎಂದು ಚಿಕ್ಕಪ್ಪ ಹೇಳುತ್ತಾರೆ. ಸಂಬಂಧಿಕರೊಬ್ಬರು ಮಲೆನಾಡಿನಿಂದ ಯಾವುದೋ ಮರದ ಚಕ್ಕೆ ತಂದಿದ್ದಾರೆ, ಕೀಮೋ ಔಷಧಿಯೂ ಅದರಿಂದಲೇ ಮಾಡುವುದಂತೆ. ಅಪ್ಪನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಪಾದ ಉರಿಯುತ್ತದೆ, ಜೋಮು ಹಿಡಿಯುತ್ತದೆ. ಕ್ಯಾನ್ಸರ್ ತಿರುಗಿ ಬಂದಿದೆ ಎಂದು ಅವರಿಗೆ ಪೂರ್ತಿ ಹೇಳಿಲ್ಲ. ಯಾರ ಮಾತು ಕೇಳಬೇಕು?

ಉತ್ತರ: ನಿಮ್ಮ ಅಣ್ಣನ ಸಿಟ್ಟಿನಿಂದಲೇ ಶುರು ಮಾಡುತ್ತೇನೆ. ಈ ಮಾತನ್ನು ಒಪಿಡಿಯಲ್ಲಿ ಬಹಳ ಸಲ ಕೇಳುತ್ತೇನೆ, ಅದರ ಹಿಂದಿನ ನೋವು ಅರ್ಥವಾಗುತ್ತದೆ. ಆದರೆ ಹುಬ್ಬಳ್ಳಿಯ ಡಾಕ್ಟರು ಹೇಳಿದ ದಾರಿ ಬಡವರಿಗೆಂದು, ವಯಸ್ಸಾದವರಿಗೆಂದು ಹುಟ್ಟಿದ್ದಲ್ಲ. ಒಂದು ಔಷಧಿ ಮೊದಲು, ಇನ್ನೊಂದು ಆಮೇಲೆ ಎನ್ನುವ ಈ ಕ್ರಮವನ್ನು ಯುರೋಪಿನಲ್ಲಿ ಸಾವಿರಾರು ರೋಗಿಗಳ ಮೇಲೆ ಪರೀಕ್ಷೆ ಮಾಡಿ ನೋಡಿದ್ದಾರೆ.

ಬ್ರಿಟನ್ನಿನಲ್ಲಿ ನಡೆದ ಫೋಕಸ್ ಅಧ್ಯಯನದಲ್ಲಿ 2135 ರೋಗಿಗಳಿದ್ದರು. ಕೆಲವರಿಗೆ ಫ್ಲೋರೋಯುರಾಸಿಲ್ ಎಂಬ ಕೀಮೋ ಔಷಧಿ ಒಂದನ್ನೇ ಮೊದಲು ಕೊಟ್ಟು, ಅದು ಸೋತ ಮೇಲೆ ಇರಿನೊಟೆಕಾನ್ ಎಂಬ ಇನ್ನೊಂದನ್ನು ಮಾತ್ರ ಕೊಟ್ಟರು. ಕೆಲವರಿಗೆ ಒಂದು ಔಷಧಿಯಿಂದ ಶುರು ಮಾಡಿ ಆಮೇಲೆ ಜೋಡಿಗೆ ಹೋದರು. ಉಳಿದವರಿಗೆ ಮೊದಲ ದಿನದಿಂದಲೇ ಜೋಡಿ ಔಷಧಿ, ಅಂದರೆ ಫ್ಲೋರೋಯುರಾಸಿಲ್ ಜೊತೆ ಇರಿನೊಟೆಕಾನ್ ಅಥವಾ ಆಕ್ಸಾಲಿಪ್ಲಾಟಿನ್. ಬದುಕಿದ ಅವಧಿ ಮೊದಲ ಗುಂಪಿನಲ್ಲಿ 13.9 ತಿಂಗಳು, ಉಳಿದವುಗಳಲ್ಲಿ 15ರಿಂದ 16.7 ತಿಂಗಳು. ಕಡೆಯವರೆಗೂ ಒಂಟಿ ಔಷಧಿಯಲ್ಲೇ ಉಳಿದವರು ಸ್ವಲ್ಪ ಹಿಂದೆ ಬಿದ್ದರು. ಒಂದರಿಂದ ಶುರು ಮಾಡಿ ಆಮೇಲೆ ಜೋಡಿಗೆ ಹೋದವರು, ಮೊದಲಿನಿಂದ ಜೋಡಿ ಪಡೆದವರಿಗಿಂತ ಕಡಿಮೆಯೇನೂ ಇರಲಿಲ್ಲ.

ನೆದರ್‌ಲ್ಯಾಂಡ್ಸ್‌ನ ಕೈರೋ ಅಧ್ಯಯನದಲ್ಲಿ 820 ರೋಗಿಗಳಿದ್ದರು. ನಿಮ್ಮ ತಂದೆಗೆ ಹೇಳಿದ ಕ್ಯಾಪೆಸಿಟಬಿನ್ ಮಾತ್ರೆಯೇ ಅಲ್ಲಿನ ಮೊದಲ ಔಷಧಿ. ಒಂದೊಂದಾಗಿ ಕೊಟ್ಟವರು 16.3 ತಿಂಗಳು, ಜೋಡಿಯಾಗಿ ಕೊಟ್ಟವರು 17.4 ತಿಂಗಳು. ಈ ಚಿಕ್ಕ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟೇ ಎಂದು ಲೆಕ್ಕ ತೋರಿಸಿತು. ಎರಡೂ ಅಧ್ಯಯನಗಳು 2007ರಲ್ಲಿ ಪ್ರಕಟವಾದವು.

ಈ ತಿಂಗಳುಗಳನ್ನು ಓದಿ ಗಾಬರಿಯಾಗಬೇಡಿ. ಇದು ಮಧ್ಯದ ಅಂಕಿ. ಅರ್ಧದಷ್ಟು ಜನ ಇದಕ್ಕಿಂತ ಕಡಿಮೆ ಬದುಕಿದರು, ಅರ್ಧದಷ್ಟು ಜನ ಜಾಸ್ತಿ ಬದುಕಿದರು, ಕೆಲವರು ತುಂಬಾ ಜಾಸ್ತಿ. ಅಲ್ಲದೆ ಇವು ಇಪ್ಪತ್ತು ವರ್ಷ ಹಿಂದಿನ ರೋಗಿಗಳ ಲೆಕ್ಕ. ಈಗ ಔಷಧಿಗಳು ಹೆಚ್ಚಾಗಿವೆ. ಆರಿಸಿ ತೆಗೆದ ರೋಗಿಗಳಲ್ಲಿ ಮಧ್ಯದ ಅಂಕಿ ಎರಡೂವರೆ ವರ್ಷ, ಅದಕ್ಕೂ ಮೀರಿ ಹೋಗಿದೆ. ನಿಮ್ಮ ತಂದೆ ಎಷ್ಟು ತಿಂಗಳು ಎನ್ನುವುದನ್ನು ಇದರಿಂದ ಯಾರೂ ಹೇಳಲಾರರು. ಎರಡು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ಮಾತ್ರ ಈ ಅಂಕಿ ಬೇಕು.

ಹಾಗಾದರೆ ಜೋಡಿ ಔಷಧಿ ಯಾಕೆ ಬೇಕು ಎಂದು ನೀವು ಕೇಳಬಹುದು. ಅದರ ಲಾಭ ಬೇರೆ ಕಡೆ ಇದೆ. ಕೈರೋದಲ್ಲಿ ಮಾತ್ರೆ ಒಂದನ್ನೇ ತೆಗೆದುಕೊಂಡವರಲ್ಲಿ ನೂರಕ್ಕೆ 20 ಜನರಿಗೆ ಗಂಟು ಚೆನ್ನಾಗಿ ಕುಗ್ಗಿತು. ಜೋಡಿ ಪಡೆದವರಲ್ಲಿ 41 ಜನರಿಗೆ. ಅಂದರೆ ಜೋಡಿ ಔಷಧಿ ಗಂಟನ್ನು ಬೇಗ ಕುಗ್ಗಿಸುತ್ತದೆ. ಬೇಗ ಕುಗ್ಗಿಸಲೇಬೇಕಾದ ಅಗತ್ಯ ನಿಮ್ಮ ತಂದೆಗೆ ಇದೆಯೇ? ನಿಮ್ಮ ಮನೆಯ ಜಗಳ ಬಗೆಹರಿಯುವುದು ಈ ಪ್ರಶ್ನೆಯಿಂದ.

ಕೆಲವರಿಗೆ ಖಂಡಿತ ಇರುತ್ತದೆ. ಲಿವರ್ ಗಂಟು ದೊಡ್ಡದಾಗಿ ಕಾಮಾಲೆ ಬರುವ ಹಾಗಿದ್ದರೆ, ನೋವು ಜಾಸ್ತಿ ಇದ್ದರೆ, ತಿಂಗಳಿಂದ ತಿಂಗಳಿಗೆ ಸ್ಕ್ಯಾನ್ ಕೆಡುತ್ತಿದ್ದರೆ, ಅಂಥವರಿಗೆ ಒಂದೊಂದಾಗಿ ಕೊಡುತ್ತಾ ಕೂರಲು ಸಮಯವಿರುವುದಿಲ್ಲ. ಇನ್ನೊಂದು ಗುಂಪು ಇನ್ನೂ ಮುಖ್ಯ. ಲಿವರ್‌ನ ಗಂಟುಗಳನ್ನು ಕುಗ್ಗಿಸಿ, ಆಮೇಲೆ ಆಪರೇಷನ್ ಮಾಡಿ ತೆಗೆಯಲು ಸಾಧ್ಯವಿರುವವರು. ಕರುಳಿನ ಕ್ಯಾನ್ಸರ್ ನಾಲ್ಕನೇ ಹಂತದಲ್ಲಿದ್ದರೂ ಪೂರ್ತಿ ಗುಣವಾಗುವ ಅವಕಾಶ ಕೆಲವರಿಗೆ ಸಿಗುವುದು ಈ ದಾರಿಯಲ್ಲೇ. ಅವರಿಗೆ ಮೊದಲ ದಿನದಿಂದ ಜೋಡಿ ಔಷಧಿ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ನಿಮ್ಮ ತಂದೆಗೆ ಲಿವರ್‌ನ ಎರಡೂ ಭಾಗದಲ್ಲಿದೆ, ಶ್ವಾಸಕೋಶದಲ್ಲೂ ಇದೆ ಎಂದಿದ್ದೀರಿ. ಸಾಧ್ಯತೆ ಕಡಿಮೆಯೇ. ಆದರೂ ಲಿವರ್ ಆಪರೇಷನ್ ಮಾಡುವ ಸರ್ಜನ್ ಒಬ್ಬರು ಆ ಸ್ಕ್ಯಾನ್ ನೋಡಿ 'ಆಗುವುದಿಲ್ಲ' ಎಂದು ಬರೆದುಕೊಡುವವರೆಗೆ ಆ ಬಾಗಿಲು ಮುಚ್ಚಬೇಡಿ. ಎಷ್ಟು ಗಂಟು, ಎಲ್ಲಿ, ಎಷ್ಟು ದೊಡ್ಡದು ಎನ್ನುವುದು ನಿಮ್ಮ ಪತ್ರದಲ್ಲಿ ಇಲ್ಲ.

ಈಗ ಔಷಧಿ ಆರಿಸುವ ಮೊದಲೇ ಆಗಬೇಕಾದ ಕೆಲಸ. ಗಂಟಿನ ಜೀನ್ ಪರೀಕ್ಷೆ ಆಗಿದೆಯೇ? ಇಬ್ಬರು ಡಾಕ್ಟರೂ ಹೇಳಿರಬಹುದು, ನಿಮ್ಮ ಪತ್ರದಲ್ಲಿ ಮಾತ್ರ ಅದರ ಮಾತಿಲ್ಲ. ಆಪರೇಷನ್ ಆದಾಗ ತೆಗೆದ ಗಡ್ಡೆಯ ತುಂಡನ್ನು ಮೇಣದ ಬ್ಲಾಕ್‌ನಲ್ಲಿ ಆ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಇಟ್ಟಿರುತ್ತಾರೆ. ಕೇಳಿದರೆ ಕೊಡುತ್ತಾರೆ. ಅದರಲ್ಲಿ ಎಂಎಸ್‌ಐ (ಕೋಶ ತನ್ನ ಡಿಎನ್‌ಎ ತಪ್ಪು ತಿದ್ದಿಕೊಳ್ಳಲಾಗದಿರುವುದರ ಗುರುತು), ಆರ್‌ಎಎಸ್ ಮತ್ತು ಬಿಆರ್‌ಎಎಫ್ (ಕೋಶದ ಬೆಳವಣಿಗೆ ನಡೆಸುವ ಜೀನ್‌ಗಳು) ಈ ಮೂರು ನೋಡಬೇಕು.

ಎಂಎಸ್‌ಐ 'ಹೈ' ಬರುವುದು ಅಪರೂಪ. ಹರಡಿದ ಕರುಳಿನ ಕ್ಯಾನ್ಸರ್ ಇರುವ ನೂರು ಜನರಲ್ಲಿ ನಾಲ್ಕೈದು ಜನರಿಗೆ ಮಾತ್ರ. ಬಂದರೆ ಮಾತ್ರ ಇಡೀ ಚರ್ಚೆಯೇ ಬದಲಾಗುತ್ತದೆ. ಅವರಿಗೆ ಕೀಮೋಗಿಂತ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ, ಮೊದಲು. ಕೀನೋಟ್-177 ಎಂಬ ಅಧ್ಯಯನದಲ್ಲಿ ಈ ಬಗೆಯ ಔಷಧಿಯಾದ ಪೆಂಬ್ರೋಲಿಜುಮ್ಯಾಬ್ ಪಡೆದವರ ಕಾಯಿಲೆ 16.5 ತಿಂಗಳು ಹಿಡಿತದಲ್ಲಿತ್ತು, ಕೀಮೋ ಪಡೆದವರದ್ದು 8.2 ತಿಂಗಳು.

ಆರ್‌ಎಎಸ್ ನಿಮ್ಮ ತಂದೆಗೆ ತುಂಬಾ ಮುಖ್ಯ, ಯಾಕೆಂದರೆ ಅವರ ಗಡ್ಡೆ ಕರುಳಿನ ಎಡಭಾಗದ್ದು. ಎಡಭಾಗದ ಗಡ್ಡೆಯಲ್ಲಿ ಆರ್‌ಎಎಸ್ ಜೀನ್ ಕೆಟ್ಟಿಲ್ಲದಿದ್ದರೆ, ಬಿಆರ್‌ಎಎಫ್ ಕೂಡ ಸರಿಯಿದ್ದರೆ, ಸೆಟುಕ್ಸಿಮ್ಯಾಬ್ ಅಥವಾ ಪ್ಯಾನಿಟುಮುಮ್ಯಾಬ್ ಎಂಬ ಔಷಧಿ ಒಳ್ಳೆಯ ಕೆಲಸ ಮಾಡುತ್ತದೆ. ಅದನ್ನು ಜೋಡಿ ಕೀಮೋ ಜೊತೆ ಕೊಡುವುದು ರೂಢಿ. ಜಪಾನಿನ ಪ್ಯಾರಡೈಮ್ ಅಧ್ಯಯನದಲ್ಲಿ ಇಂಥ ಎಡಭಾಗದ ರೋಗಿಗಳು ಪ್ಯಾನಿಟುಮುಮ್ಯಾಬ್ ಜೊತೆ 37.9 ತಿಂಗಳು, ಬೆವಾಸಿಜುಮ್ಯಾಬ್ ಜೊತೆ 34.3 ತಿಂಗಳು ಬದುಕಿದರು. ಆರ್‌ಎಎಸ್ ಕೆಟ್ಟಿದ್ದರೆ ಈ ಔಷಧಿ ಕೊಟ್ಟು ಪ್ರಯೋಜನವಿಲ್ಲ, ಹಣ ಸುಮ್ನೆ ಹೋಗುತ್ತದೆ, ಕೆಲವೊಮ್ಮೆ ಕೆಡುಕೂ ಆಗುತ್ತದೆ.

ಒಂದೊಂದಾಗಿ ಕೊಡುವ ಕ್ರಮವನ್ನು ಬೆವಾಸಿಜುಮ್ಯಾಬ್ ಜೊತೆ ಸೇರಿಸಿ ಜರ್ಮನಿಯಲ್ಲಿ ಮತ್ತೆ ಪರೀಕ್ಷೆ ಮಾಡಿದರು. 421 ರೋಗಿಗಳು. ಈ ಸಲ ಉತ್ತರ ಎರಡು ಥರ ಬಂತು. ಆರ್‌ಎಎಸ್ ಕೆಟ್ಟವರಲ್ಲಿ ಒಂದೊಂದಾಗಿ ಕೊಟ್ಟರೂ ನಷ್ಟ ಕಾಣಲಿಲ್ಲ. ಆರ್‌ಎಎಸ್ ಸರಿಯಿದ್ದವರಿಗೆ ಮೊದಲಿನಿಂದ ಜೋಡಿ ಕೊಟ್ಟದ್ದೇ ಒಳ್ಳೆಯದಾಯಿತು. ಅಂದರೆ ನಿಮ್ಮ ಹುಬ್ಬಳ್ಳಿ ಡಾಕ್ಟರೂ ಸರಿಯಿರಬಹುದು, ಬೆಂಗಳೂರಿನವರೂ ಸರಿಯಿರಬಹುದು. ಆ ಒಂದು ರಿಪೋರ್ಟ್ ಕೈಗೆ ಬರುವ ತನಕ ಯಾರ ಪರವೂ ನಿಲ್ಲಬೇಡಿ. ತಂದೆಯವರು ಓಡಾಡಿಕೊಂಡಿದ್ದಾರೆ, ಕಾಮಾಲೆ ಇಲ್ಲ ಎಂದಾದರೆ ರಿಪೋರ್ಟ್‌ಗಾಗಿ ಒಂದೆರಡು ವಾರ ಕಾದರೆ ತೊಂದರೆಯಿಲ್ಲ.

ಇನ್ನು ಪಾದದ ಉರಿ. ಫಾಲ್‌ಫಾಕ್ಸ್‌ನಲ್ಲಿ ಆಕ್ಸಾಲಿಪ್ಲಾಟಿನ್ ಇರುತ್ತದೆ. ಅದು ನರಗಳನ್ನು ಹಿಡಿಯುತ್ತದೆ. ಶುರುವಿನಲ್ಲಿ ತಣ್ಣೀರು ಮುಟ್ಟಿದರೆ ಶಾಕ್ ಹೊಡೆದಂತಾಗುವುದು, ಫ್ರಿಜ್ ನೀರು ಕುಡಿದರೆ ಗಂಟಲು ಹಿಡಿದಂತಾಗುವುದು. ಇದು ಕೆಲವು ದಿನದಲ್ಲಿ ಹೋಗುತ್ತದೆ. ಆದರೆ ಡೋಸ್ ಸೇರುತ್ತಾ ಹೋದಂತೆ ಬೆರಳು, ಪಾದಗಳಿಗೆ ಜೋಮು ಬಂದು ನಿಲ್ಲುತ್ತದೆ, ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ. ಸಕ್ಕರೆ ಕಾಯಿಲೆಯಿಂದ ಈಗಾಗಲೇ ನರ ಸೋತವರಿಗೆ ಇದು ದೊಡ್ಡ ವಿಷಯ. ಅಂಗಿ ಗುಂಡಿ ಹಾಕಲಾಗುವುದಿಲ್ಲ, ಬದುವಿನ ಮೇಲೆ ನಡೆಯುವಾಗ ಕಾಲು ಎಲ್ಲಿ ಬಿತ್ತು ಎಂದು ಗೊತ್ತಾಗುವುದಿಲ್ಲ. ಬೆಂಗಳೂರಿನಲ್ಲಿ ಪಾದದ ಉರಿಯ ಬಗ್ಗೆ ಹೇಳಿದ್ದೀರಾ? ಎಷ್ಟೋ ಮನೆಯವರು ಇದನ್ನು ಹೇಳುವುದೇ ಇಲ್ಲ. ಕ್ಯಾನ್ಸರ್ ಡಾಕ್ಟರಿಗೆ ಸಕ್ಕರೆ ಕಾಯಿಲೆಯ ವಿಷಯ ಯಾಕೆ ಅಂದುಕೊಳ್ಳುತ್ತಾರೆ. ಮೊದಲು ಹೇಳಬೇಕಾದ್ದೇ ಅದು.

ಜೋಡಿ ಔಷಧಿ ಬೇಕೇ ಬೇಕು ಎಂದಾದರೆ ಆಕ್ಸಾಲಿಪ್ಲಾಟಿನ್ ಬದಲು ಇರಿನೊಟೆಕಾನ್ ಇರುವ ಫಾಲ್‌ಫಿರಿ ಇದೆ. ಎರಡರಲ್ಲಿ ಯಾವುದು ಮೊದಲು ಎಂದು ಫ್ರಾನ್ಸಿನಲ್ಲಿ 220 ರೋಗಿಗಳ ಮೇಲೆ ನೋಡಿದ್ದರು, 2004ರಲ್ಲಿ ಪ್ರಕಟವಾಯಿತು. ಫಾಲ್‌ಫಿರಿ ಮೊದಲು ಆದವರು 21.5 ತಿಂಗಳು, ಫಾಲ್‌ಫಾಕ್ಸ್ ಮೊದಲು ಆದವರು 20.6 ತಿಂಗಳು. ಹೆಚ್ಚುಕಡಿಮೆ ಒಂದೇ. ಹಾಗಾಗಿ ತೊಂದರೆ ನೋಡಿಕೊಂಡು ಆರಿಸಬಹುದು. ಇರಿನೊಟೆಕಾನ್‌ನ ತೊಂದರೆ ಭೇದಿ, ಕೂದಲು ಉದುರುವುದು, ಬಿಳಿ ರಕ್ತಕಣ ಇಳಿಯುವುದು. ಇವು ಬಂದು ಹೋಗುವಂಥವು. ಆದರೆ ಆ ಭೇದಿಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 71ರ ವಯಸ್ಸಿನಲ್ಲಿ ಒಂದೂವರೆ ದಿನ ಬಿಡದೆ ಭೇದಿಯಾದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಲೋಪೆರಮೈಡ್ ಮಾತ್ರೆ ಮನೆಯಲ್ಲಿ ಇಟ್ಟುಕೊಂಡಿರಬೇಕು, ಹೇಗೆ ತೆಗೆದುಕೊಳ್ಳಬೇಕು ಎಂದು ಮೊದಲೇ ಬರೆಸಿಕೊಂಡಿರಬೇಕು. ವಯಸ್ಸಾದವರಿಗೆ ಕಡಿಮೆ ಡೋಸ್‌ನಿಂದ ಶುರು ಮಾಡಿ, ತಡೆದುಕೊಂಡರೆ ಏರಿಸಬಹುದು. ಬ್ರಿಟನ್ನಿನಲ್ಲಿ ದುರ್ಬಲ ರೋಗಿಗಳ ಮೇಲೆ ನಡೆದ ಫೋಕಸ್-2 ಅಧ್ಯಯನದಲ್ಲಿ ನೂರಕ್ಕೆ 80ರಷ್ಟು ಡೋಸ್‌ನಿಂದಲೇ ಶುರು ಮಾಡಿದ್ದರು.

ಮಾತ್ರೆ ಎಂದರೆ ಸಣ್ಣ ಔಷಧಿ ಎನ್ನುವ ಭಾವನೆ ಪೂರ್ತಿ ತಪ್ಪು. ಕ್ಯಾಪೆಸಿಟಬಿನ್ ಹೊಟ್ಟೆಗೆ ಹೋದ ಮೇಲೆ ದೇಹದೊಳಗೆ ಫ್ಲೋರೋಯುರಾಸಿಲ್ ಆಗುತ್ತದೆ. ಡ್ರಿಪ್‌ನಲ್ಲಿ ಕೊಡುವ ಔಷಧಿಯೇ ಅದು. ಅದರ ತೊಂದರೆಗಳೂ ನಿಜವಾದವೇ. ಸಾಮಾನ್ಯವಾಗಿ 14 ದಿನ ಬೆಳಿಗ್ಗೆ ರಾತ್ರಿ, ಊಟವಾದ ಅರ್ಧ ಗಂಟೆಯೊಳಗೆ, ಆಮೇಲೆ 7 ದಿನ ಬಿಡುವು. ಅಂಗೈ ಅಂಗಾಲು ಕೆಂಪಾಗಿ ಸುಲಿಯುವುದು ಇದರ ಮುಖ್ಯ ಕಾಟ. ಗುದ್ದಲಿ, ಕುಡುಗೋಲು ಹಿಡಿಯುವ ಕೈಗೆ, ಬರಿಗಾಲಲ್ಲಿ ನಡೆಯುವ ಪಾದಕ್ಕೆ ಇದು ಬೇಗ ಬರುತ್ತದೆ. ದೆಹಲಿಯ ಏಮ್ಸ್‌ನಲ್ಲಿ ಮಾಡಿದ ಒಂದು ಒಳ್ಳೆಯ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಮೈಕೈ ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಅನ್ನು ಕೈಗೆ ಹಚ್ಚಿದವರಲ್ಲಿ ಈ ತೊಂದರೆ ಜೋರಾಗಿ ಬಂದದ್ದು ನೂರಕ್ಕೆ 3.8 ಜನರಿಗೆ, ಬರೀ ಕ್ರೀಮ್ ಹಚ್ಚಿದವರಲ್ಲಿ 15 ಜನರಿಗೆ. ಇಷ್ಟು ಅಗ್ಗದ ಉಪಾಯ! ಡಾಕ್ಟರನ್ನು ಕೇಳಿ ಮೊದಲ ದಿನದಿಂದಲೇ ಶುರು ಮಾಡಬಹುದು.

ಮಾತ್ರೆ ಶುರು ಮಾಡುವ ಮೊದಲು ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡಲೇಬೇಕು. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಅದು ಕುಗ್ಗಿರುತ್ತದೆ, ಆಗ ಡೋಸ್ ಇಳಿಸಬೇಕು, ತೀರಾ ಕುಗ್ಗಿದ್ದರೆ ಈ ಮಾತ್ರೆ ಕೊಡುವಂತೆಯೇ ಇಲ್ಲ. ಕೆಲವೇ ಕೆಲವರ ದೇಹದಲ್ಲಿ ಈ ಔಷಧಿಯನ್ನು ಕರಗಿಸುವ ಡಿಪಿಡಿ ಎಂಬ ಕಿಣ್ವ ಕಡಿಮೆ ಇರುತ್ತದೆ. ಅಂಥವರಿಗೆ ಮೊದಲ ಸುತ್ತಿನಲ್ಲೇ ಬಾಯಿ ತುಂಬಾ ಹುಣ್ಣು, ಜೋರು ಭೇದಿ ಬರುತ್ತದೆ. ಹಾಗಾದರೆ ಕೋರ್ಸ್ ಮುಗಿಸೋಣ ಎಂದು ಹಟ ಹಿಡಿಯಬೇಡಿ, ಅಲ್ಲೇ ನಿಲ್ಲಿಸಿ ಫೋನ್ ಮಾಡಿ. ರಕ್ತಪರೀಕ್ಷೆಯಿಂದ ಇದನ್ನು ಮೊದಲೇ ನೋಡಬಹುದು, ಕೇಳಿ ನೋಡಿ.

ಮಾತ್ರೆಯ ಜೊತೆ ಬೆವಾಸಿಜುಮ್ಯಾಬ್ ಸೇರಿಸುವುದೂ ಒಂದು ದಾರಿ. ಇಬ್ಬರು ಡಾಕ್ಟರ ಸಲಹೆಗಳ ನಡುವೆ ಇದು ನಿಲ್ಲುತ್ತದೆ. 70 ದಾಟಿದವರ ಮೇಲೆಯೇ ಮಾಡಿದ ಏವೆಕ್ಸ್ ಅಧ್ಯಯನದಲ್ಲಿ ಮಾತ್ರೆ ಒಂದೇ ಇದ್ದವರಿಗೆ ಕಾಯಿಲೆ 5.1 ತಿಂಗಳು ಹಿಡಿತದಲ್ಲಿತ್ತು, ಬೆವಾಸಿಜುಮ್ಯಾಬ್ ಸೇರಿದವರಿಗೆ 9.1 ತಿಂಗಳು. ಮೂರು ವಾರಕ್ಕೊಮ್ಮೆ ಡ್ರಿಪ್, ಪೋರ್ಟ್ ಇಲ್ಲದೆಯೂ ಆಗುತ್ತದೆ. ಬಿಪಿ ಏರುವುದು, ರಕ್ತಸ್ರಾವ, ರಕ್ತ ಹೆಪ್ಪುಗಟ್ಟುವುದು ಇದರ ಅಪಾಯಗಳು. ಹಿಂದೆ ಹೃದಯಾಘಾತ, ಲಕ್ವ ಆಗಿದ್ದರೆ ತಪ್ಪದೆ ಹೇಳಿ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆಯಾಗುವ ವಿಷಯ. ಒಂದೊಂದಾಗಿ ಕೊಡುವ ಕ್ರಮ ಗೆಲ್ಲುವುದು ಮುಂದಿನ ಔಷಧಿಗಳು ನಿಜವಾಗಿ ರೋಗಿಗೆ ತಲುಪಿದಾಗ. ನೆದರ್‌ಲ್ಯಾಂಡ್ಸ್‌ನಂಥ ದೇಶದಲ್ಲೂ, ಒಂದೊಂದಾಗಿ ಶುರು ಮಾಡಿದವರಲ್ಲಿ ಮೂರನೆಯ ಹಂತದ ಔಷಧಿಯವರೆಗೆ ಬಂದವರು ನೂರಕ್ಕೆ 36 ಜನ. ಉಳಿದವರು ಅಷ್ಟರಲ್ಲಿ ಸೋತಿದ್ದರು, ಇಲ್ಲವೇ ಬೇಡ ಅಂದಿದ್ದರು. ನಮ್ಮಲ್ಲಿ ಏನಾಗುತ್ತದೆ ಗೊತ್ತಾ? ಮಾತ್ರೆ ಕೊಟ್ಟು ಕಳುಹಿಸುತ್ತೇವೆ. ಬಿತ್ತನೆ ಬರುತ್ತದೆ, ಮದುವೆ ಬರುತ್ತದೆ, ಸ್ಕ್ಯಾನ್ ಮುಂದಕ್ಕೆ ಹೋಗುತ್ತದೆ. ಹೇಗಿದ್ದರೂ ಮಾತ್ರೆ ನಡೀತಿದೆ ಅಲ್ವಾ ಎನ್ನುತ್ತಾರೆ. ಆರು ತಿಂಗಳ ನಂತರ ಹಾಸಿಗೆ ಹಿಡಿದ ಮೇಲೆ ಕರೆದುಕೊಂಡು ಬರುತ್ತಾರೆ. ಆಗ ಎರಡನೆಯ ಔಷಧಿ ಕೊಡುವ ಶಕ್ತಿ ಆ ದೇಹದಲ್ಲಿ ಉಳಿದಿರುವುದಿಲ್ಲ. ಆಗ ಮನೆಯವರು ಮಾತ್ರೆಯನ್ನು ಬೈಯುತ್ತಾರೆ. ಎಂಟು ಒಂಬತ್ತು ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿಸಲು, ಕಾಯಿಲೆ ಬೆಳೆದಿದ್ದರೆ ಎರಡು ಮೂರು ವಾರದೊಳಗೆ ಮುಂದಿನ ಔಷಧಿ ಶುರು ಮಾಡಲು ನಿಮ್ಮಿಂದ ಆಗುತ್ತದೆಯೇ? ಆಗುವುದಾದರೆ ಈ ದಾರಿ ನಂಬಬಹುದು. ಆಗದಿದ್ದರೆ ನಾನೂ ಜೋಡಿಯಿಂದ ಶುರು ಮಾಡುವ ಕಡೆಗೇ ವಾಲುತ್ತೇನೆ.

ಚಿಕ್ಕಪ್ಪನವರ ಮಾತಿಗೆ ಉತ್ತರವೂ ಇದರಲ್ಲೇ ಇದೆ. ಈಗ ಕೊಟ್ಟರೆ ಆಮೇಲೆ ಉಳಿಯುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ಫಾಲ್‌ಫಾಕ್ಸ್ ಸೋತರೆ ಫಾಲ್‌ಫಿರಿ ಇದೆ, ಅದೂ ಸೋತರೆ ಟ್ರೈಫ್ಲುರಿಡಿನ್-ಟಿಪಿರಾಸಿಲ್, ರೆಗೊರಾಫೆನಿಬ್ ಎಂಬ ಮಾತ್ರೆಗಳಿವೆ. ಕಾಯಿಲೆ ಹಿಡಿತಕ್ಕೆ ಬಂದ ಮೇಲೆ ಆಕ್ಸಾಲಿಪ್ಲಾಟಿನ್ ನಿಲ್ಲಿಸಿ, ಉಳಿದದ್ದನ್ನು ಮುಂದುವರಿಸಿ, ಬೇಕಾದಾಗ ಮತ್ತೆ ತರುವುದೂ ಉಂಟು. ಫ್ರಾನ್ಸಿನ ಆಪ್ಟಿಮಾಕ್ಸ್-1 ಅಧ್ಯಯನದಲ್ಲಿ ಆರು ಸುತ್ತಿಗೆ ನಿಲ್ಲಿಸಿದರೂ ನಷ್ಟವಾಗಲಿಲ್ಲ.

ಮರದ ಚಕ್ಕೆಯ ವಿಷಯ. ನಿಮ್ಮ ಸಂಬಂಧಿಕರ ಮಾತಿನಲ್ಲಿ ಒಂದು ಎಳೆ ನಿಜ ಇದೆ, ಅದಕ್ಕೇ ಅದು ಅಪಾಯ. ಇರಿನೊಟೆಕಾನ್‌ನ ಮೂಲ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕ. ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಭಾರತದಲ್ಲಿ ಹುಟ್ಟಿದ ಮನ್ಸುಖ್ ವಾನಿ ಅದನ್ನು ಚೀನಾದ ಮರವೊಂದರಿಂದ ಬೇರ್ಪಡಿಸಿ 1966ರಲ್ಲಿ ಪ್ರಕಟಿಸಿದರು. ನಮ್ಮ ಪಶ್ಚಿಮ ಘಟ್ಟದ ನಾಥಪೋಡೈಟಿಸ್ ಎಂಬ ಮರದಲ್ಲೂ ಅದಿದೆ. ಅದಕ್ಕಾಗಿ ಆ ಮರವನ್ನು ಕಡಿದು ಕಡಿದು ಈಗ ಅಪರೂಪವಾಗಿದೆ. ಆದರೆ ಆ ಮೂಲ ರಾಸಾಯನಿಕವನ್ನೇ ರೋಗಿಗಳಿಗೆ ಕೊಟ್ಟು ನೋಡಿದಾಗ ಭೇದಿ, ರಕ್ತಕಣಗಳ ಕುಸಿತ, ಮೂತ್ರದಲ್ಲಿ ರಕ್ತ ಕಾಣಿಸಿಕೊಂಡು 1970ರ ದಶಕದಲ್ಲಿ ಪ್ರಯೋಗ ಕೈಬಿಟ್ಟರು. ಅದನ್ನು ಬದಲಾಯಿಸಿ, ಅಳತೆ ಕಂಡುಹಿಡಿದು ಔಷಧಿ ಮಾಡಲು ವರ್ಷಗಳೇ ಬೇಕಾದವು. ನೀವು ತಂದ ಚಕ್ಕೆ ಯಾವ ಮರದ್ದು, ಅದರಲ್ಲಿ ಎಷ್ಟಿದೆ ಎಂದು ಯಾರಿಗೂ ಗೊತ್ತಿಲ್ಲ. ಕೀಮೋ ಜೊತೆ ಅದರ ಕಷಾಯ ಕುಡಿಸಬೇಡಿ.

ಖರ್ಚಿನ ವಿಷಯದಲ್ಲಿ, ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಯಾವ ಔಷಧಿ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ಮೊದಲೇ ಕೇಳಿ. ಹೊಲ ಅಡ ಇಟ್ಟು ಎರಡು ಸುತ್ತು ಮಾಡಿ ನಿಲ್ಲಿಸುವುದಕ್ಕಿಂತ, ಕೊನೆಯವರೆಗೆ ನಡೆಸಬಹುದಾದ ಚಿಕಿತ್ಸೆ ಆರಿಸುವುದು ಒಳ್ಳೆಯದು.

ನನ್ನ ಅಭಿಪ್ರಾಯ ಹೇಳಲೇಬೇಕು. ಲಿವರ್ ಸರ್ಜನ್ ಆಪರೇಷನ್‌ಗೆ ದಾರಿ ಇದೆ ಎಂದರೆ, ಅಥವಾ ಆರ್‌ಎಎಸ್ ಸರಿಯಿದೆ ಎಂದು ಬಂದರೆ, ಜೋಡಿ ಕೀಮೋ. ಅದರಲ್ಲೂ ಪಾದ ನೋಡಿಕೊಂಡು ಫಾಲ್‌ಫಿರಿ ಕಡೆ, ಜೊತೆಗೆ ಸೂಕ್ತವಾದ ಔಷಧಿ. ಆರ್‌ಎಎಸ್ ಕೆಟ್ಟಿದೆ, ಆಪರೇಷನ್ ಸಾಧ್ಯವಿಲ್ಲ, ತೊಂದರೆಯ ಲಕ್ಷಣಗಳಿಲ್ಲ ಎಂದಾದರೆ ಮಾತ್ರೆ, ಆದರೆ ಬೆವಾಸಿಜುಮ್ಯಾಬ್ ಜೊತೆ. ಆಗ ನಿಮ್ಮ ಅಣ್ಣ ತಲೆ ತಗ್ಗಿಸಬೇಕಾಗಿಲ್ಲ, ಅಪ್ಪನಿಗೆ ಸಿಗುವುದು ಪೂರ್ತಿ ಚಿಕಿತ್ಸೆಯೇ.

ಆದರೆ ಇದನ್ನು ನೀವು, ಅಣ್ಣ, ನಾನು ಸೇರಿ ನಿರ್ಧರಿಸುವುದು ಸರಿಯಲ್ಲ. ಕೂದಲು ಹೋದರೂ ಪರವಾಗಿಲ್ಲ ಎನ್ನುತ್ತಾರೋ, ಕೈಬೆರಳಿನ ಹಿಡಿತ ಹೋಗಬಾರದು ಎನ್ನುತ್ತಾರೋ, 15 ದಿನಕ್ಕೊಮ್ಮೆ ಬೆಂಗಳೂರಿಗೆ ಹೋಗಲು ಒಪ್ಪುತ್ತಾರೋ, ಇದು ತಂದೆಯವರಿಗೇ ಗೊತ್ತು. ಅವರಿಗೆ ಹೇಳಿಲ್ಲ ಎಂದು ನೀವು ಅಂದುಕೊಂಡಿದ್ದೀರಿ. ಹೆಚ್ಚಿನವರು ಅಷ್ಟರಲ್ಲಿ ಊಹಿಸಿರುತ್ತಾರೆ, ಮಕ್ಕಳು ನೊಂದುಕೊಳ್ಳಬಾರದು ಎಂದು ಸುಮ್ಮನಿರುತ್ತಾರೆ. ತಿಂಗಳ ಲೆಕ್ಕ ಹೇಳಬೇಕಿಲ್ಲ. 'ಅಪ್ಪಾ, ಹಳೆ ಕಾಯಿಲೆ ಲಿವರ್‌ಗೆ ಬಂದಿದೆ. ಪೂರ್ತಿ ತೆಗೆಯುವುದು ಕಷ್ಟ, ಹಿಡಿತದಲ್ಲಿ ಇಡಬಹುದು. ಎರಡು ದಾರಿ ಇದೆಯಂತೆ' ಎಂದು ಶುರು ಮಾಡಿ, ಎಷ್ಟು ಕೇಳುತ್ತಾರೋ ಅಷ್ಟು ಹೇಳಿ. ಬಾಯಿ ಬರದಿದ್ದರೆ ಡಾಕ್ಟರ ಹತ್ತಿರ ಅವರನ್ನೇ ಕೂರಿಸಿ ಮಾತಾಡಿಸಿ.

ಒಂದು ಚಿಕ್ಕ ಮಾತು ಬಿಟ್ಟುಹೋಗಿತ್ತು. ಡ್ರಿಪ್ ಹಾಕುವ ಮೊದಲು ವಾಂತಿ ತಡೆಯಲು ಡೆಕ್ಸಾಮೆಥಾಸೋನ್ ಕೊಡುತ್ತಾರೆ, ಅದು ಎರಡು ಮೂರು ದಿನ ಸಕ್ಕರೆಯನ್ನು ಜೋರಾಗಿ ಏರಿಸುತ್ತದೆ. ಮನೆಯಲ್ಲಿ ಗ್ಲುಕೋಮೀಟರ್ ಇರಲಿ, ಆ ದಿನಗಳ ಇನ್ಸುಲಿನ್ ಅಥವಾ ಮಾತ್ರೆಯ ಲೆಕ್ಕ ಮೊದಲೇ ಬರೆಸಿಕೊಳ್ಳಿ. ಕೀಮೋ ನಡೆಯುವಾಗ ಜ್ವರ 100.4 ದಾಟಿದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯಾದರೂ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕೀಮೋ ನಡೆಯುತ್ತಿದೆ ಎಂದು ಮೊದಲು ಹೇಳಿ.